ಪ್ರಾಯ ಬಂದ ಮೇಲೆ ಹಲ್ಲಿಗೆ ತಂತಿ

“ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ” ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ವಕ್ರದಂತದ ಚಿಕಿತ್ಸೆಗೆ ಈ ಗಾದೆ ಬೇರೊಂದು ಬಗೆಯಲ್ಲಿ ಒಪ್ಪುತ್ತದೆ. ಹನ್ನೆರಡು ಹದಿಮೂರರ ಪ್ರಾಯದಲ್ಲಿ ಹಲ್ಲನ್ನು ಸಾಲಿಗೆ ತರುವುದು ಸುಲಭ. ಆದರೆ ಆಗ ಮನೆಯಲ್ಲಿ ಹಣವಿರುವುದಿಲ್ಲ, ಹಣವಿದ್ದರೂ ತಿಳಿವಳಿಕೆಯಿರುವುದಿಲ್ಲ. ಮೂವತ್ತು ದಾಟಿ, ಕೈಗೆ ಸಂಬಳ ಬಂದು, ತನ್ನ ಬಾಯಿಯ ಬಗೆಗೆ ತಾನೇ ನಿರ್ಧರಿಸುವ ಸ್ವಾತಂತ್ರ್ಯ ದೊರೆತಾಗ, “ಕಾಲ ಮೀರಿತಲ್ಲ” ಎಂಬ ನಿಟ್ಟುಸಿರು ಹೊರಡುತ್ತದೆ.

ಕಾಲ ನಿಜವಾಗಿಯೂ ಮೀರಿತೆ? ಇಲ್ಲವೆಂಬುದಕ್ಕೆ ವಿಜಯಪುರದ ದಂತ ಚಿಕಿತ್ಸಾಲಯಗಳ ಬಾಗಿಲಲ್ಲಿ ಕಾದು ಕುಳಿತವರೇ ಸಾಕ್ಷಿ. ಶಾಲೆಯ ಮಕ್ಕಳ ನಡುವೆ ಬ್ಯಾಂಕಿನ ಗುಮಾಸ್ತರೂ, ಶಿಕ್ಷಕಿಯರೂ, ಅಥಣಿ ರಸ್ತೆಯ ಬಸ್ಸಿನಿಂದಿಳಿದ ತಿಕೋಟದವರೂ, ಜಮಖಂಡಿ ರಸ್ತೆಯಿಂದ ಬಂದ ಬಬಲೇಶ್ವರದವರೂ ಅಲ್ಲಿ ಇರುತ್ತಾರೆ. ನಕ್ಕಾಗ ಸೆರಗು ಬಾಯಿಗೆ ಅಡ್ಡ ಹಿಡಿಯುವುದನ್ನು ಹದಿನೈದು ಇಪ್ಪತ್ತು ವರ್ಷಗಳಿಂದ ರೂಢಿಸಿಕೊಂಡ ಹೆಣ್ಣುಮಗಳು ಕೊನೆಗೊಮ್ಮೆ ವೈದ್ಯರೆದುರು ಬಾಯಿ ತೆರೆಯುವುದೆಂದರೆ ಅದೇನೂ ಸಣ್ಣ ಸಂಗತಿಯಲ್ಲ.

ಹಲ್ಲು ವಕ್ರವಾಗುವುದೇಕೆ?

ಹಲ್ಲಿನ ಗಾತ್ರಕ್ಕೂ ದವಡೆಯ ವಿಸ್ತಾರಕ್ಕೂ ಹೊಂದಿಕೆ ತಪ್ಪುವುದೇ ಮುಖ್ಯ ಕಾರಣ. ಜಾಗ ಸಾಲದಿದ್ದರೆ ಹಲ್ಲುಗಳು ಒಂದರ ಮೇಲೊಂದು ಏರುತ್ತವೆ. ಜಾಗ ಹೆಚ್ಚಾದರೆ ನಡುವೆ ಸಂದು ಬೀಳುತ್ತದೆ. ತಂದೆಯ ದವಡೆ, ತಾಯಿಯ ಹಲ್ಲು ಎಂದು ಜನ ವಿನೋದಕ್ಕೆ ಹೇಳುವ ಮಾತಿನಲ್ಲಿ ಸತ್ಯದ ಅಂಶವುಂಟು. ವಂಶದ ಪಾತ್ರ ಇದರಲ್ಲಿ ದೊಡ್ಡದು. ಎಳವೆಯಲ್ಲಿ ಬಹುಕಾಲ ಬೆರಳು ಚೀಪುವುದು, ಮೂಗು ಕಟ್ಟಿ ಬಾಯಿಂದ ಉಸಿರಾಡುವುದು, ಹಾಲುಹಲ್ಲು ಹುಳುಕಾಗಿ ಹೊತ್ತಿಗೆ ಮುಂಚೆ ಬಿದ್ದುಹೋಗುವುದು, ಇವೂ ಕಾರಣಗಳೇ.

ಇವಲ್ಲದೆ ಆಹಾರದ ಪಾತ್ರವೂ ಇದೆಯೆಂದು ಹಲವು ವಿದ್ವಾಂಸರು ಭಾವಿಸುತ್ತಾರೆ. ಆಸ್ಟ್ರೇಲಿಯದ ದಂತವೈದ್ಯ ರೇಮಂಡ್ ಬೆಗ್ ಅಲ್ಲಿಯ ಮೂಲನಿವಾಸಿಗಳ ತಲೆಬುರುಡೆಗಳನ್ನು ಪರೀಕ್ಷಿಸಿ, ಒರಟು ಆಹಾರವನ್ನು ಅಗಿದಗಿದು ಅವರ ಹಲ್ಲುಗಳು ಸವೆದು, ದವಡೆಯಲ್ಲಿ ಇಕ್ಕಟ್ಟು ಕಡಿಮೆಯಾಗಿದ್ದುದನ್ನು ಗಮನಿಸಿದನು. ಎಳೆಯ ವಯಸ್ಸಿನಲ್ಲಿ ಗಟ್ಟಿ ತಿನಿಸನ್ನು ಅಗಿದರೆ ದವಡೆಯೂ ಚೆನ್ನಾಗಿ ಬೆಳೆಯುತ್ತದೆ, ಮೆತ್ತನೆಯ ಆಹಾರದಿಂದ ಅದು ಕಿರಿದಾಗುತ್ತದೆ ಎಂಬ ವಾದವೂ ಉಂಟು. ಕಡಕ್ ರೊಟ್ಟಿಯನ್ನು ಮುರಿದು ತಿಂದು ಬೆಳೆದ ಹಿರಿಯರ ಸೀಮೆಯಲ್ಲಿ ಇಂದು ಮಕ್ಕಳ ಕೈಯಲ್ಲಿ ಬ್ರೆಡ್ಡು, ಬಿಸ್ಕತ್ತುಗಳಿವೆ. ಆದರೆ ರೊಟ್ಟಿ ತಿಂದ ಮಾತ್ರಕ್ಕೆ ವಂಶದಿಂದ ಬಂದ ವಕ್ರತೆ ಹೋದೀತೆಂದು ತಿಳಿಯಬಾರದು.

ಪ್ರೌಢರಲ್ಲಿ ಇನ್ನೊಂದು ಕಾರಣ ಸೇರುತ್ತದೆ. ವಿಜಯಪುರದವರಿಗೆ ಕಮಾನು ಎಂದರೇನೆಂದು ವಿವರಿಸಬೇಕಾಗಿಲ್ಲ. ಎರಡನೆಯ ಅಲಿ ಆದಿಲ್‌ಶಾಹಿಯ ಸಮಾಧಿಗೆಂದು ಮೊದಲಾಗಿ ಅರ್ಧಕ್ಕೇ ನಿಂತ ಬಾರಾ ಕಮಾನು ಊರ ನಡುವೆಯೇ ಇದೆ. ಕಮಾನಿನ ಕಲ್ಲುಗಳು ಒಂದನ್ನೊಂದು ಒತ್ತಿ ನಿಂತಿರುವಂತೆ ದವಡೆಯ ಹಲ್ಲುಗಳೂ ಒಂದರ ಆಸರೆಯಲ್ಲಿ ಒಂದು ನಿಂತಿವೆ. ಒಂದು ದವಡೆಹಲ್ಲನ್ನು ಕೀಳಿಸಿ ಆ ಜಾಗವನ್ನು ಖಾಲಿ ಬಿಟ್ಟರೆ, ಪಕ್ಕದ ಹಲ್ಲು ಆ ಕಡೆಗೆ ವಾಲುತ್ತದೆ. ಎದುರು ದವಡೆಯ ಹಲ್ಲು ಖಾಲಿ ಜಾಗಕ್ಕೆ ಇಳಿಯುತ್ತದೆ. ಒಸಡಿನ ರೋಗದಿಂದ ಬೇರಿನ ಸುತ್ತಲಿನ ಮೂಳೆ ಕರಗಿದಾಗಲೂ ಮುಂದಿನ ಹಲ್ಲುಗಳು ಬೀಸಣಿಗೆಯಂತೆ ಹೊರಕ್ಕೆ ಚಾಚುತ್ತವೆ. ಇಪ್ಪತ್ತರಲ್ಲಿ ನೆಟ್ಟಗಿದ್ದ ಹಲ್ಲು ನಲವತ್ತರಲ್ಲಿ ಉಬ್ಬಿತೇಕೆ ಎಂದು ಚಕಿತರಾಗುವವರು ಮೊದಲು ಒಸಡನ್ನು ಪರೀಕ್ಷಿಸಿಕೊಳ್ಳಬೇಕು.

ಮೂಳೆಯೊಳಗೆ ಹಲ್ಲು ಸರಿಯುವ ಬಗೆ

ಗೋಡೆಗೆ ಹೊಡೆದ ಮೊಳೆಯಂತೆ ಹಲ್ಲು ದವಡೆಗೆ ಅಂಟಿದೆಯೆಂದು ಸಾಮಾನ್ಯರ ಭಾವನೆ. ವಾಸ್ತವದಲ್ಲಿ ಬೇರಿಗೂ ಮೂಳೆಗೂ ನಡುವೆ ಒಂದು ಮಿಲಿಮೀಟರಿನ ಸುಮಾರು ಕಾಲು ಭಾಗದಷ್ಟು ತೆಳುವಾದ ನಾರಿನ ಪದರವಿದೆ. ಹಲ್ಲು ಆ ನಾರುಗಳ ತೊಟ್ಟಿಲಲ್ಲಿ ತೂಗಿಕೊಂಡಿರುತ್ತದೆ. ಹಲ್ಲನ್ನು ಮೆಲ್ಲನೆ, ಬಿಡದೆ ಒಂದು ಕಡೆಗೆ ಒತ್ತಿದರೆ, ಒತ್ತಡ ಬಿದ್ದ ಕಡೆಯ ಮೂಳೆಯನ್ನು ಕೆಲವು ಜೀವಕೋಶಗಳು ಕರಗಿಸುತ್ತವೆ. ನಾರು ಎಳೆದ ಕಡೆಯಲ್ಲಿ ಬೇರೆ ಕೋಶಗಳು ಹೊಸ ಮೂಳೆಯನ್ನು ಕಟ್ಟುತ್ತವೆ. ಮುಂದಿನ ಗೋಡೆಯನ್ನು ಕೆಡವುತ್ತ ಹಿಂದಿನ ಗೋಡೆಯನ್ನು ಎಬ್ಬಿಸುತ್ತ ಇಡೀ ಕೋಣೆಯೇ ಜರುಗಿದಂತೆ ಈ ಕಾರ್ಯ ನಡೆಯುತ್ತದೆ. ಸ್ವೀಡನ್ನಿನ ಸ್ಯಾಂಡ್‌ಸ್ಟೆಡ್ ಎಂಬಾತನು 1904-05ರ ಸುಮಾರಿಗೆ ನಾಯಿಗಳ ಮೇಲೆ ಪ್ರಯೋಗ ನಡೆಸಿ ಇದನ್ನು ತೋರಿಸಿಕೊಟ್ಟನು.

ಇಲ್ಲಿ ಬಲಕ್ಕಿಂತ ತಾಳ್ಮೆಗೆ ಬೆಲೆ ಹೆಚ್ಚು. ಒಂದು ಹಲ್ಲಿಗೆ ಬೇಕಾದ ಒತ್ತಡ ಸಾಮಾನ್ಯವಾಗಿ ನೂರು ಗ್ರಾಂ ತೂಕದ ಆಸುಪಾಸಿನದು, ಹಲವೊಮ್ಮೆ ಅದಕ್ಕೂ ಕಡಿಮೆ. ಬೇಗ ಮುಗಿಯಲೆಂದು ಬಿಗಿಯಾಗಿ ಎಳೆದರೆ ನಾರಿನ ಪದರದಲ್ಲಿ ರಕ್ತದ ಚಲನೆ ನಿಂತು, ಹಲ್ಲು ಸರಿಯುವುದಿರಲಿ, ಅಲ್ಲೇ ತಡೆದು ನಿಲ್ಲುತ್ತದೆ. ತಿಂಗಳಿಗೆ ಸುಮಾರು 1 ಮಿಲಿಮೀಟರ್ ಸರಿದರೆ ಅದೇ ಒಳ್ಳೆಯ ಗತಿ. ಒಂದೂವರೆ ವರ್ಷ, ಎರಡು ವರ್ಷ, ಕೆಲವೊಮ್ಮೆ ಎರಡೂವರೆ ವರ್ಷವೇಕೆ ಬೇಕೆಂಬ ಪ್ರಶ್ನೆಗೆ ಉತ್ತರ ಇಲ್ಲಿದೆ.

ಮೂಳೆಯ ಈ ಕರಗುವಿಕೆ, ಕಟ್ಟುವಿಕೆಗಳು ಜೀವವಿರುವವರೆಗೂ ನಡೆಯತಕ್ಕವು. ಆದುದರಿಂದ ಪ್ರಾಯವೊಂದೇ ಅಡ್ಡಿಯಾಗದು. ಅಮೆರಿಕದ ನಾರ್ಮನ್ ಕಿಂಗ್ಸ್‌ಲಿ 1880ರಷ್ಟು ಹಿಂದೆಯೇ ಹೆಚ್ಚುಕಡಿಮೆ ಈ ಅಭಿಪ್ರಾಯವನ್ನೇ ಹೇಳಿದ್ದನು. ಆದರೆ ಆಮೇಲೆ ಬಂದವರಲ್ಲಿ ಅನೇಕರು ಇದು ಬಾಲ್ಯಕ್ಕೆ ಮಾತ್ರ ಸೇರಿದ ಚಿಕಿತ್ಸೆಯೆಂದು ಬಗೆದುದರಿಂದ ಪ್ರೌಢರು ಬಹುಕಾಲ ಚಿಕಿತ್ಸಾಲಯದ ಹೊಸ್ತಿಲು ತುಳಿಯಲಿಲ್ಲ.

ಚಿನ್ನದ ಪಟ್ಟಿಯಿಂದ ನೆನಪಿನ ತಂತಿಗೆ

ಹಲ್ಲು ತಿದ್ದುವ ಆಸೆ ಹೊಸತಲ್ಲ. ಹಾಲುಹಲ್ಲು ಬೀಳದೆ ಉಳಿದು ಹೊಸ ಹಲ್ಲು ಅಡ್ಡ ಬಂದರೆ, ಹಳೆಯದನ್ನು ಕಿತ್ತು, ಹೊಸದನ್ನು ದಿನವೂ ಬೆರಳಿನಿಂದ ಒತ್ತಬೇಕೆಂದು ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಸೆಲ್ಸಸ್ ಬರೆದಿಟ್ಟನು. ಫ್ರಾನ್ಸಿನ ಪಿಯೆರ್ ಫೋಷಾರ್ 1728ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಲೋಹದ ಪಟ್ಟಿಗೆ ಹಲ್ಲುಗಳನ್ನು ದಾರದಿಂದ ಕಟ್ಟಿ ಸಾಲಿಗೆ ತರುವ ಉಪಾಯವನ್ನು ವಿವರಿಸಿದನು. ಇದನ್ನು ಶಾಸ್ತ್ರದ ಮಟ್ಟಕ್ಕೆ ಏರಿಸಿದವನು ಅಮೆರಿಕದ ಎಡ್ವರ್ಡ್ ಆ್ಯಂಗಲ್ (1855-1930). ಮೊದಲನೆಯ ದವಡೆಹಲ್ಲುಗಳ ಪರಸ್ಪರ ಸಂಬಂಧವನ್ನು ಹಿಡಿದು ಅವನು 1899ರಲ್ಲಿ ಮಾಡಿದ ವರ್ಗೀಕರಣವನ್ನು ಇಂದಿಗೂ ವಿದ್ಯಾರ್ಥಿಗಳು ಕಲಿಯುತ್ತಾರೆ.

ಆಗ ಪ್ರತಿ ಹಲ್ಲಿಗೂ ಉಂಗುರದಂತೆ ಲೋಹದ ಪಟ್ಟಿ ತೊಡಿಸಬೇಕಾಗಿತ್ತು. ಆ ಕಾಲದ ಸಾಧನಗಳಿಗೆ ಚಿನ್ನವನ್ನೂ ಬಳಸುತ್ತಿದ್ದರು. 1955ರಲ್ಲಿ ಬ್ಯೂನೊಕೋರ್ ಎಂಬ ವಿಜ್ಞಾನಿಯು, ಹಲ್ಲಿನ ಮೇಲಣ ಎನಾಮಲನ್ನು ಆಮ್ಲದಿಂದ ತುಸು ಒರಟುಗೊಳಿಸಿದರೆ ರಾಳ ಅದಕ್ಕೆ ಗಟ್ಟಿಯಾಗಿ ಅಂಟುವುದೆಂದು ಕಂಡುಹಿಡಿದನು. ಇದರ ಫಲವಾಗಿ ಮುಂದಿನ ದಶಕಗಳಲ್ಲಿ ಉಂಗುರಗಳು ಹಿಂದೆ ಸರಿದು, ಸಣ್ಣ ಬ್ರಾಕೆಟ್ಟುಗಳನ್ನು ನೇರವಾಗಿ ಹಲ್ಲಿಗೆ ಅಂಟಿಸುವ ಪದ್ಧತಿ ಬಂದಿತು. ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ಬೇರೆ ಉದ್ದೇಶಕ್ಕಾಗಿ ದೊರೆತ ನಿಕ್ಕಲ್-ಟೈಟೇನಿಯಂ ಮಿಶ್ರಲೋಹ 1970ರ ದಶಕದಲ್ಲಿ ದಂತವೈದ್ಯರ ಕೈಸೇರಿತು. ಎಷ್ಟು ಬಗ್ಗಿಸಿದರೂ ತನ್ನ ಮೊದಲ ಆಕಾರವನ್ನು ನೆನೆದು ಮರಳುವುದು ಇದರ ಗುಣ. ವಕ್ರವಾದ ಸಾಲಿಗೆ ಈ ತಂತಿಯನ್ನು ಕಟ್ಟಿದರೆ, ಅದು ತಾನು ಕಮಾನಿನ ಆಕಾರಕ್ಕೆ ಮರಳುತ್ತ ಹಲ್ಲುಗಳನ್ನೂ ಮೆಲ್ಲನೆ ತನ್ನ ಜೊತೆಗೆ ಕರೆದೊಯ್ಯುತ್ತದೆ.

ಭಾರತದಲ್ಲಿ ಡಾ. ಆರ್. ಅಹಮದ್ ಅವರು 1920ರಲ್ಲಿ ಕಲ್ಕತ್ತೆಯಲ್ಲಿ ದೇಶದ ಮೊದಲ ದಂತ ವೈದ್ಯಕೀಯ ವಿದ್ಯಾಲಯವನ್ನು ತೆರೆದರು. ಕನ್ನಡನಾಡಿನಲ್ಲಿ ಬೆಂಗಳೂರಿನ ಸರಕಾರಿ ಕಾಲೇಜು 1958ರಲ್ಲಿಯೂ ಮಣಿಪಾಲದ ಕಾಲೇಜು 1965ರಲ್ಲಿಯೂ ಆರಂಭವಾದವು. ಉತ್ತರ ಕರ್ನಾಟಕಕ್ಕೆ ಈ ಸೌಕರ್ಯ ಬಂದುದು ತಡವಾಗಿ: ಬೆಳಗಾವಿ, ಧಾರವಾಡಗಳಿಗೆ 1980ರ ದಶಕದ ನಡುವೆ, ತರುವಾಯ ವಿಜಯಪುರದಲ್ಲಿ ಅಲ್-ಅಮೀನ್ ದಂತ ವೈದ್ಯಕೀಯ ಕಾಲೇಜು ತೆರೆಯಿತು. ಅದಕ್ಕೂ ಹಿಂದೆ ಬಾಲ್ಯ ಕಳೆದ ಈ ಭಾಗದ ಮಕ್ಕಳಿಗೆ ಹಲ್ಲಿನ ತಂತಿ ಎಂಬುದು ದೂರದ ಊರಿನ ಸುದ್ದಿಯಾಗಿದ್ದುದರಲ್ಲಿ ಆಶ್ಚರ್ಯವಿಲ್ಲ.

ಈ ನೆಲದ ನೀರು, ಈ ನೆಲದ ರೂಢಿ

ವಿಜಯಪುರ ಸೀಮೆಯ ಪ್ರೌಢರಲ್ಲಿ ತಂತಿ ಕಟ್ಟುವ ಮುನ್ನ ವೈದ್ಯರು ಕೆಲವು ಸಂಗತಿಗಳನ್ನು ವಿಶೇಷವಾಗಿ ನೋಡಬೇಕಾಗುತ್ತದೆ. ಮೊದಲನೆಯದು ನೀರು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದೆಂದೂ, ಬೇರೆ ಮೂಲವಿಲ್ಲದಿದ್ದಲ್ಲಿ 1.5 ಮಿಲಿಗ್ರಾಂ ತನಕ ಸಹಿಸಬಹುದೆಂದೂ ಭಾರತೀಯ ಮಾನಕ ಹೇಳುತ್ತದೆ. ಜಿಲ್ಲೆಯ ಕೆಲವು ಹಳ್ಳಿಗಳ ಕೊಳವೆಬಾವಿಗಳಲ್ಲಿ ಈ ಮಿತಿ ಮೀರಿದ ಫ್ಲೋರೈಡ್ ಉಂಟು. ಎಳವೆಯಲ್ಲಿ, ಒಸಡಿನೊಳಗೆ ಹಲ್ಲು ರೂಪುಗೊಳ್ಳುತ್ತಿರುವ ವರ್ಷಗಳಲ್ಲಿ ಅಂಥ ನೀರನ್ನು ಕುಡಿದವರ ಹಲ್ಲುಗಳ ಮೇಲೆ ಸುಣ್ಣದಂಥ ಬಿಳಿಯ ಇಲ್ಲವೆ ಕಂದು ಬಣ್ಣದ ಕಲೆಗಳು ಉಳಿಯುತ್ತವೆ. ಅವು ಉಜ್ಜಿದರೆ ಹೋಗತಕ್ಕವಲ್ಲ. ಇಂಥ ಹಲ್ಲಿಗೆ ಬ್ರಾಕೆಟ್ಟು ಸಲೀಸಾಗಿ ಅಂಟುವುದಿಲ್ಲ. ಅದನ್ನು ಅಂಟಿಸುವಾಗ ವೈದ್ಯರು ಹೆಚ್ಚಿನ ಸಿದ್ಧತೆ ಮಾಡಿಕೊಳ್ಳಬೇಕು. ತಂತಿಯು ಸಾಲನ್ನು ನೇರಗೊಳಿಸೀತೇ ಹೊರತು ಕಲೆಯನ್ನು ಅಳಿಸದು. ಅದಕ್ಕೆ ಬೇರೆಯೇ ಚಿಕಿತ್ಸೆ.

ಎರಡನೆಯದು ಮಿಶ್ರಿ, ತಂಬಾಕು, ಗುಟ್ಕಾಗಳ ರೂಢಿ. ಹುರಿದು ಕಪ್ಪಾಗಿಸಿದ ತಂಬಾಕಿನ ಪುಡಿಯಿಂದ ಹಲ್ಲುಜ್ಜುವ ಹೆಂಗಸರು ಗಡಿಭಾಗದ ಮನೆಗಳಲ್ಲಿ ಇಂದಿಗೂ ಇದ್ದಾರೆ. ಹಲ್ಲು ಗಟ್ಟಿಯಾಗುವುದೆಂಬ ಭ್ರಮೆಯಿಂದ ಹಿಡಿದ ಈ ಚಟ ಒಸಡನ್ನು ಹಾಳುಮಾಡಿ ಹಲ್ಲನ್ನು ಸಡಿಲಿಸುತ್ತದೆ. ಮೂರನೆಯದು ಸಕ್ಕರೆ ಕಾಯಿಲೆ. ಅದು ಹತೋಟಿಯಲ್ಲಿಲ್ಲದಿದ್ದರೆ ಒಸಡಿನ ರೋಗ ಬೇಗ ಬಲಿಯುತ್ತದೆ. ರೋಗವಿರುವ ಒಸಡಿನ ಮೇಲೆ ತಂತಿಯ ಎಳೆತ ಬಿದ್ದರೆ ಮೂಳೆ ಕಟ್ಟುವುದಕ್ಕಿಂತ ಕರಗುವುದೇ ಹೆಚ್ಚು. ಆದಕಾರಣ ಪ್ರೌಢರ ಚಿಕಿತ್ಸೆಯ ಮೊದಲ ಅಧ್ಯಾಯ ತಂತಿಯದಲ್ಲ, ಶುದ್ಧಿಯದು: ಕಿಟ್ಟ ತೆಗೆಸುವುದು, ಹುಳುಕು ತುಂಬಿಸುವುದು, ಚಟ ಬಿಡುವುದು, ಸಕ್ಕರೆಯನ್ನು ಹತೋಟಿಗೆ ತರುವುದು.

ಎರಡು ವರ್ಷಗಳ ಪಯಣ

ತಿಕೋಟದಲ್ಲಿ ಮೂವತ್ತಮೂರರ ಶಿಕ್ಷಕಿಯೊಬ್ಬಳು ಇದ್ದಾಳೆಂದು ಭಾವಿಸೋಣ. ಮುಂದಿನ ಹಲ್ಲುಗಳು ಉಬ್ಬಿ, ತುಟಿ ಮುಚ್ಚುವುದಕ್ಕೇ ಶ್ರಮಪಡಬೇಕಾದ ಸ್ಥಿತಿ ಆಕೆಯದು. ಮೊದಲ ಭೇಟಿಯಲ್ಲಿ ಹಲ್ಲುಗಳ ಅಚ್ಚು, ಭಾವಚಿತ್ರಗಳು, ಇಡೀ ದವಡೆಯ ಎಕ್ಸ್-ರೇ, ತಲೆಯ ಪಾರ್ಶ್ವದ ಎಕ್ಸ್-ರೇ ತೆಗೆಯುತ್ತಾರೆ. ದೋಷ ಹಲ್ಲಿನದೋ ದವಡೆಯ ಮೂಳೆಯದೋ ಎಂಬುದು ಇವುಗಳಿಂದ ತಿಳಿಯುತ್ತದೆ. ಹಲ್ಲನ್ನು ಒಳಕ್ಕೆ ತರಲು ಜಾಗ ಬೇಕಾದ್ದರಿಂದ, ಕೋರೆಹಲ್ಲಿನ ಹಿಂದಿನ ಚಿಕ್ಕ ದವಡೆಹಲ್ಲುಗಳನ್ನು ಕೀಳಿಸಬೇಕೆಂದು ವೈದ್ಯರು ಹೇಳಬಹುದು. “ಚೆನ್ನಾಗಿರುವ ಹಲ್ಲನ್ನು ಕೀಳುವುದೆ?” ಎಂದು ಮನಸ್ಸು ಹಿಂಜರಿಯುವುದು ಸಹಜ. ಈ ಹಿಂಜರಿಕೆ ಇರುವವರು ಕಾರಣವನ್ನು ಅಚ್ಚು, ಎಕ್ಸ್-ರೇಗಳ ಸಮೇತ ವಿವರಿಸಿ ಕೇಳಿಕೊಳ್ಳಬೇಕು. ಬೇಕೆನಿಸಿದರೆ ಮತ್ತೊಬ್ಬ ತಜ್ಞರ ಅಭಿಪ್ರಾಯವನ್ನೂ ಪಡೆಯಬೇಕು. ಅದರಿಂದ ಯಾವ ವೈದ್ಯರಿಗೂ ಅಗೌರವವಾಗದು.

ತಂತಿ ಕಟ್ಟಿದ ಮೊದಲ ಎರಡು ಮೂರು ದಿನ ಹಲ್ಲು ನೋಯುತ್ತದೆ. ಕೆನ್ನೆಯ ಒಳಭಾಗದಲ್ಲಿ ಹುಣ್ಣಾಗುವುದೂ ಉಂಟು. ಉಜ್ಜುವ ಜಾಗಕ್ಕೆ ಹಚ್ಚಿಕೊಳ್ಳಲು ಮೇಣ ಕೊಡುತ್ತಾರೆ. ಊಟದ ಕ್ರಮ ಬದಲಾಗಬೇಕು. ಎಳ್ಳಮಾವಾಸ್ಯೆಯ ಕಡಕ್ ಸಜ್ಜಿರೊಟ್ಟಿ, ಕಬ್ಬು, ಹುರಿದ ಶೇಂಗಾ, ಇವು ಬ್ರಾಕೆಟ್ಟನ್ನು ಕಿತ್ತೊಗೆಯುವ ತಿನಿಸುಗಳು. ದ್ರಾಕ್ಷಿ ತೋಟಗಳ ನಡುವೆ ಇರುವ ತಿಕೋಟದವರಿಗೆ ಒಣದ್ರಾಕ್ಷಿಯನ್ನು ಬಿಡುವುದು ಕಷ್ಟವೇ. ಆದರೆ ಅದು ತಂತಿಯ ಸಂದಿಯಲ್ಲಿ ಅಂಟಿ ಕುಳಿತು ಹುಳುಕಿಗೆ ದಾರಿ ಮಾಡುತ್ತದೆ. ಇದರರ್ಥ ಉಪವಾಸವೆಂದಲ್ಲ. ಬಿಸಿರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ ತಿನ್ನಬಹುದು. ಜೋಳದ ನುಚ್ಚು-ಮಜ್ಜಿಗೆಯಂಥ ಹಿತವಾದ ಆಹಾರವನ್ನು ಯಾವ ವೈದ್ಯನೂ ಬೇಡವೆನ್ನನು. ಪ್ರತಿ ಊಟದ ಬಳಿಕ ಹಲ್ಲುಜ್ಜುವುದು ಮಾತ್ರ ಕಡ್ಡಾಯ. ತಪ್ಪಿದರೆ, ತಂತಿ ಬಿಚ್ಚಿದ ದಿನ ನೇರವಾದ ಸಾಲಿನ ಜೊತೆಗೆ ಬ್ರಾಕೆಟ್ಟಿನ ಸುತ್ತ ಬಿಳಿಯ ಕಲೆಗಳೂ ಕಾಣಿಸಿಕೊಳ್ಳುತ್ತವೆ.

ಆಮೇಲೆ ನಾಲ್ಕಾರು ವಾರಗಳಿಗೊಮ್ಮೆ ಭೇಟಿ. ತಿಕೋಟ, ಬಬಲೇಶ್ವರಗಳಿಂದ ವಿಜಯಪುರ ದೂರವೇನೂ ಅಲ್ಲ, ಅರ್ಧ ದಿನದ ಕೆಲಸ. ಆದರೆ ಎರಡು ವರ್ಷ ತಪ್ಪದೆ ಬರುವುದಕ್ಕೆ ರಜೆಯ ಲೆಕ್ಕ, ಬಿತ್ತನೆ-ಸುಗ್ಗಿಯ ಲೆಕ್ಕ, ಮಕ್ಕಳ ಪರೀಕ್ಷೆಯ ಲೆಕ್ಕ ಎಲ್ಲವೂ ಕೂಡಿಬರಬೇಕು. ಎಷ್ಟೋ ಚಿಕಿತ್ಸೆಗಳು ಕೆಡುವುದು ವೈದ್ಯರ ತಪ್ಪಿನಿಂದಲ್ಲ, ನಡುವೆ ಬಿಟ್ಟುಬಿಡುವುದರಿಂದ. ಹಣದ ಮಾತೂ ಹಾಗೆಯೇ. ಒಟ್ಟು ಎಷ್ಟಾಗುವುದು, ಕಂತು ಹೇಗೆ, ಕಡೆಯ ರಿಟೇನರ್ ಅದರಲ್ಲಿ ಸೇರಿದೆಯೆ ಎಂಬುದನ್ನು ಮೊದಲ ದಿನವೇ ಬರೆಸಿಕೊಳ್ಳುವುದು ಲೇಸು. ಬೋಧನಾ ಆಸ್ಪತ್ರೆಗಳಲ್ಲಿ ಖರ್ಚು ಸಾಮಾನ್ಯವಾಗಿ ಕಡಿಮೆ. ಸಮಯ ಮಾತ್ರ ತುಸು ಹೆಚ್ಚು ಬೇಕಾದೀತು.

ನೆರೆಹೊರೆಯ ನಾಲಿಗೆ

ತಂತಿಯ ನೋವಿಗಿಂತ ಮಾತಿನ ನೋವು ದೊಡ್ಡದೆನ್ನುವವರುಂಟು. “ಎರಡು ಮಕ್ಕಳ ತಾಯಿ ಆದ ಮ್ಯಾಲ ಈಗ್ಯಾಕವ್ವಾ ಹಲ್ಲಿಗೆ ತಂತಿ?” ಎಂದು ಓಣಿಯ ಹಿರಿಯಳು ಕೇಳುತ್ತಾಳೆ. “ಅಕ್ಕೋರ, ನಿಮ್ಮ ಹಲ್ಲಿಗೆ ಏನಾಗೇತ್ರಿ?” ಎಂದು ತರಗತಿಯ ಮಕ್ಕಳು ಕೇಳುತ್ತಾರೆ. ಮಕ್ಕಳ ಪ್ರಶ್ನೆಯಲ್ಲಿ ಕುತೂಹಲವಿದೆ. ಹಿರಿಯಳ ಪ್ರಶ್ನೆಯಲ್ಲಿ ಒಂದು ತೀರ್ಪು ಅಡಗಿದೆ. ಹೆಣ್ಣಿನ ಹಲ್ಲು ನೆಟ್ಟಗಿರಬೇಕಾದುದು ವರನ ಕಡೆಯವರು ನೋಡಲು ಬರುವ ದಿನಕ್ಕೆ ಮಾತ್ರ, ಆ ದಿನ ಕಳೆದ ಮೇಲೆ ಹಲ್ಲು ಹೇಗಿದ್ದರೇನು ಎಂಬುದೇ ಆ ತೀರ್ಪು. ಹಾಗೆಯೇ ಗಂಡಸೊಬ್ಬನು ನಲವತ್ತರಲ್ಲಿ ತಂತಿ ಹಾಕಿಸಿಕೊಂಡರೆ ಅದು ಶೋಕಿಯೆನಿಸುತ್ತದೆ.

ತನ್ನ ಬಾಯಿ ತನ್ನ ಊಟಕ್ಕೆ, ತನ್ನ ಮಾತಿಗೆ, ತನ್ನ ನಗುವಿಗೆ ಇದೆಯೆಂದು ತಿಳಿದವರಿಗೆ ಈ ಮಾತುಗಳು ತಟ್ಟಲಾರವು. ಇಕ್ಕಟ್ಟಾದ ಹಲ್ಲಿನ ಸಂದಿಯನ್ನು ಶುದ್ಧವಾಗಿಡುವುದು ಕಷ್ಟ. ಮುಂದಕ್ಕೆ ಚಾಚಿದ ಹಲ್ಲು ಬಿದ್ದಾಗ ಮುರಿಯುವ ಸಂಭವ ಹೆಚ್ಚು. ಕೆಳಗಿನ ಹಲ್ಲು ಮೇಲಿನ ಅಂಗುಳಿಗೆ ಕಚ್ಚುವಂತಿದ್ದರೆ ಅಲ್ಲಿ ಗಾಯವಾಗುತ್ತದೆ. ಆದುದರಿಂದ ಇದು ಬರಿಯ ಅಂದದ ಪ್ರಶ್ನೆಯಲ್ಲ. ಅಂದದ ಪ್ರಶ್ನೆಯೇ ಆಗಿದ್ದರೂ ಅದರಲ್ಲಿ ನಾಚಿಕೆಪಡುವಂಥದು ಏನಿದೆ?

ಆಗದ ಕೆಲಸ, ಮಾಡಬಾರದ ಕೆಲಸ

ಆಸೆಯಷ್ಟೇ ಎಚ್ಚರವೂ ಬೇಕು. ಬೆಳವಣಿಗೆ ನಿಂತ ದವಡೆಯನ್ನು ತಂತಿಯಿಂದ ಉದ್ದ ಮಾಡಲಾಗದು, ಗಿಡ್ಡ ಮಾಡಲೂ ಆಗದು. ದೋಷ ಮೂಳೆಯಲ್ಲೇ ಇದ್ದು, ಅದು ಹೆಚ್ಚಾಗಿದ್ದರೆ ದವಡೆಯ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ಹಲ್ಲು ಸರಿಯುವಾಗ ಬೇರಿನ ತುದಿ ಒಂದಿಷ್ಟು ಸವೆಯುವುದುಂಟು. ಬಹುಪಾಲು ಜನರಲ್ಲಿ ಅದು ಅಲ್ಪ, ಕೆಲವರಲ್ಲಿ ಗಮನಾರ್ಹ. ಮೂಳೆ ಸವೆತಕ್ಕೆ ಔಷಧ ಸೇವಿಸುವವರು ಅದನ್ನು ವೈದ್ಯರಿಂದ ಮುಚ್ಚಿಡಬಾರದು. ತಂತಿ ಕಾಣಬಾರದೆನ್ನುವವರಿಗೆ ಹಲ್ಲಿನ ಬಣ್ಣದ ಬ್ರಾಕೆಟ್ಟುಗಳಿವೆ. 1990ರ ದಶಕದ ಕೊನೆಯಲ್ಲಿ ಬಂದ ಪಾರದರ್ಶಕ ಅಲೈನರುಗಳೂ ಇವೆ. ಅಲೈನರನ್ನು ಊಟಕ್ಕೆ ತೆಗೆದಿಡಬಹುದಾದರೂ ದಿನದಲ್ಲಿ ಇಪ್ಪತ್ತು ತಾಸಿಗೂ ಹೆಚ್ಚು ತೊಡಬೇಕು, ವೆಚ್ಚವೂ ಹೆಚ್ಚು. ಎಲ್ಲ ಬಗೆಯ ವಕ್ರತೆಗೂ ಅದು ಒದಗದು.

ಹಲ್ಲಿನ ಸಂದು ಮುಚ್ಚಲೆಂದು ಮನೆಯಲ್ಲೇ ರಬ್ಬರ್ ಸುತ್ತುವುದು ಅತ್ಯಂತ ಅಪಾಯಕರ. ಅದು ಒಸಡಿನೊಳಕ್ಕೆ ಜಾರಿ, ಬೇರಿನ ಸುತ್ತಣ ಮೂಳೆಯನ್ನು ತಿಂದು, ಗಟ್ಟಿ ಹಲ್ಲನ್ನೇ ಬೀಳಿಸೀತು. ಸಂತೆಯಲ್ಲಿ ಕುಳಿತು ಅಗ್ಗಕ್ಕೆ ಹಲ್ಲು ಕಟ್ಟಿಕೊಡುವವರ ಕೈಗೂ ಬಾಯಿ ಒಪ್ಪಿಸಲಾಗದು. 1948ರ ದಂತವೈದ್ಯರ ಕಾಯಿದೆ ಬಂದಂದಿನಿಂದ ಈ ವೃತ್ತಿಗೆ ನೋಂದಣಿ ಬೇಕು. ಐದು ವರ್ಷಗಳ ಬಿ.ಡಿ.ಎಸ್. ಮುಗಿಸಿ, ಆ ಬಳಿಕ ಇದೇ ವಿಷಯದಲ್ಲಿ ಮೂರು ವರ್ಷಗಳ ಎಂ.ಡಿ.ಎಸ್. ಪಡೆದವರೇ ವಕ್ರದಂತದ ತಜ್ಞರು. ಹೊರಗಿನ ಫಲಕದಲ್ಲಿ ಇವನ್ನು ಓದಿ ಒಳಗೆ ಹೋಗುವುದು ಜಾಣತನ.

ತಂತಿ ಬಿಚ್ಚಿದ ಮೇಲೆ

ತಂತಿ ಬಿಚ್ಚಿದ ದಿನವೇ ಕೆಲಸ ಮುಗಿಯಿತೆಂದು ಸಿಹಿ ಹಂಚುವವರು ಒಂದು ಮಾತನ್ನು ಮರೆಯುತ್ತಾರೆ. ಎಳೆದು ಸರಿಸಿದ ನಾರುಗಳು ಬಹುಕಾಲ ಹಳೆಯ ಜಾಗವನ್ನು ನೆನೆಯುತ್ತಿರುತ್ತವೆ. ಪ್ರೌಢರಲ್ಲಂತೂ ಹಲ್ಲು ಹಿಂದಿನ ಜಾಗಕ್ಕೆ ಮರಳಲು ಸದಾ ಹವಣಿಸುತ್ತದೆ. ಅದನ್ನು ತಡೆಯುವುದು ರಿಟೇನರ್. ಹಲ್ಲಿನ ಹಿಂಬದಿಗೆ ಅಂಟಿಸಿದ ಸಣ್ಣ ತಂತಿಯ ರೂಪದಲ್ಲಿಯೋ, ರಾತ್ರಿ ತೊಡುವ ಅಚ್ಚಿನ ರೂಪದಲ್ಲಿಯೋ ಇದು ವರ್ಷಗಟ್ಟಲೆ ಇರಬೇಕಾಗುತ್ತದೆ. ಎರಡು ವರ್ಷ ತಂತಿಯನ್ನು ಸಹಿಸಿದವರು ಎರಡು ತಿಂಗಳು ರಿಟೇನರನ್ನು ಮರೆತು, ಮತ್ತೆ ಮೊದಲಿನಿಂದ ಆರಂಭಿಸಬೇಕಾಗಿ ಬಂದ ಪ್ರಸಂಗಗಳು ಅಪರೂಪವಲ್ಲ.

ಎಲ್ಲರೂ ಈ ಚಿಕಿತ್ಸೆಗೆ ಹೊರಡಬೇಕೆಂದೇನಿಲ್ಲ. ತುಸು ವಾಲಿದ ಹಲ್ಲಿನೊಡನೆ ನೆಮ್ಮದಿಯಿಂದ ಉಂಡು ನಗುವವರಿಗೆ ಯಾವ ತಂತಿಯೂ ಬೇಕಿಲ್ಲ. ಆದರೆ ಬಾಯಿ ಮುಚ್ಚಿಕೊಂಡೇ ಅರ್ಧ ಆಯುಷ್ಯ ಕಳೆದವರು, ಅಗಿಯಲಾಗದೆ ಊಟದ ರುಚಿ ಕಳೆದುಕೊಂಡವರು, “ನಮ್ಮ ಕಾಲ ಆಗಿಹೋಯಿತು” ಎಂದು ಸುಮ್ಮನಿರಬೇಕಾಗಿಲ್ಲ. ಒಸಡು ಗಟ್ಟಿಯಾಗಿದ್ದರೆ, ತಾಳ್ಮೆಯಿದ್ದರೆ, ತಿಂಗಳಿಗೊಂದು ಅರ್ಧ ದಿನವನ್ನು ತಮಗಾಗಿ ತೆಗೆದಿಡುವ ಅನುಕೂಲವಿದ್ದರೆ, ಮೂವತ್ತೈದಾಗಲಿ ನಲವತ್ತೈದಾಗಲಿ ಅಡ್ಡಿಯಿಲ್ಲ. ಮಗಳ ಹಲ್ಲು ತೋರಿಸಲು ಆಸ್ಪತ್ರೆಗೆ ಹೋದ ತಾಯಿ, ಅದೇ ಕುರ್ಚಿಯಲ್ಲಿ ಒಮ್ಮೆ ತಾನೂ ಕುಳಿತು ಕೇಳಿ ಬಂದರೆ ನಷ್ಟವೇನು?